ಸುತ್ತಿಗೆ ಸದ್ದಿಗೆ ಏಳುವ ಕಂಪ್ಯೂಟರ್

ಕಂಪ್ಯೂಟರನ್ನು ಸುತ್ತಿಗೆಯಿಂದ ಎಬ್ಬಿಸುವ ಶಾಸ್ತ್ರವನ್ನು ಲೋಕಕ್ಕೆ ಕೊಟ್ಟವರು ಶಿವಾರಪಟ್ಟಣದ ನಮ್ಮ ಭಾವ. ನಗಬೇಡಿ! ಮಾಲೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದು, ಕಾಲಕ್ಕೆ ಶರಣಾಗಿ ಕಂಪ್ಯೂಟರ್ ಕಲಿಸತೊಡಗಿದ ನಾನೇ ಇದಕ್ಕೆ ಸಾಕ್ಷಿ.

ಭಾವ ದೇವರ ವಿಗ್ರಹ ಕೆತ್ತುವವರು. ಗಿರಾಕಿಗಳಿಗೆ ಚಿತ್ರ ತೋರಿಸಲೆಂದು ಕಂಪ್ಯೂಟರ್ ಕೊಂಡರು. ಮರದ ಮೇಜಿನ ಮೇಲೆ ಅವರಿಗೆ ಎಂದೂ ವಿಶ್ವಾಸವಿಲ್ಲ. ಆದ್ದರಿಂದ ತಾವು ಕೆತ್ತುವ ಕಲ್ಲನ್ನು ಇಟ್ಟುಕೊಳ್ಳುವ ಚಪ್ಪಡಿಯ ಒಂದು ತುದಿಯಲ್ಲೇ ಅದನ್ನು ವಿಧಿವತ್ತಾಗಿ ಪ್ರತಿಷ್ಠಾಪಿಸಿದರು. ಮೌಸ್‌ಗೂ ಕುಂಕುಮ ಬಿತ್ತು!

ಅಕ್ಕ ತೀರಿಕೊಂಡ ಮೇಲೆ ಆ ಪರದೆಯಲ್ಲಿ ಅವಳ ಫೋಟೋ ಒಂದೇ. ವರ್ಷದ ತಿಥಿಯೊಳಗೆ ಅವಳ ಮುಖವನ್ನು ಕಲ್ಲಿನಲ್ಲಿ ತರಬೇಕೆಂದು ಭಾವನ ಹಟ. ಊರೂರಿಗೆ ಲಕ್ಷ್ಮಿಯನ್ನು ಕೆತ್ತಿಕೊಟ್ಟ ಕೈಗೆ ಹೆಂಡತಿಯ ಮೂಗು ಮಾತ್ರ ಒಲಿಯಲಿಲ್ಲ. ಅಕ್ಕನಾದರೂ ಸಾಮಾನ್ಯಳೇ? ಗುಡುಗಿಗೂ ಏಳದವಳು, ಬೆಳಗ್ಗೆ ಗಂಡನ ಸುತ್ತಿಗೆಯ ಮೊದಲ ಪೆಟ್ಟಿಗೆ ಎದ್ದು ಬಂದು, "ಏನ್ರೀ, ತಲೆ ಬಾಚ್ಕೊಳ್ದೆ ದೇವ್ರನ್ನ ಕೆತ್ತೋಕೆ ಕೂತ್ರಾ?" ಎಂದು ಮಂಗಳಾರತಿ ಎತ್ತುತ್ತಿದ್ದಳು.

ಒಂದು ದಿನ ಭಾವನ ಫೋನು.

"ಲೇ, ಈ ಕಂಪ್ಯೂಟರ್‌ಗೆ ಏನೋ ಬಂದೈತೆ. ಉಳಿ ಕೆಳಗಿಟ್ಟು ಮೂಗು ನೋಡ್ತಾ ಕೂತ್ರೆ ನಿದ್ದೆ ಹೋಗ್ಬಿಡ್ತೈತೆ. ಕಲ್ಲಿಗೆ ಎರಡು ಏಟು ಹಾಕಿದ್ರೆ ಎದ್ದು ಕೂತ್ಕೊಂತೈತೆ!"

"ಕಂಪ್ಯೂಟರ್ ಸುತ್ತಿಗೆಗೆಲ್ಲ ಹೆದರಲ್ಲ ಭಾವ."

"ಹೌದಾ ಮೇಷ್ಟ್ರೇ? ಬಂದು ನೋಡು ಬಾ!"

ಹೋದೆ. ಪರದೆ ಕಪ್ಪಾಗಿತ್ತು. ಭಾವ ಕಲ್ಲಿಗೆ ಟಣ್ ಎಂದು ಬಾರಿಸಿದರು. ಅಕ್ಕ ಪ್ರತ್ಯಕ್ಷ! ನನ್ನ ವಿದ್ಯೆಯೆಲ್ಲ ಒಂದು ಗಳಿಗೆ ಬೆವರಿತು. ಬಗ್ಗಿ ನೋಡಿದರೆ ಗುಟ್ಟು ಇಷ್ಟೇ: ಸುತ್ತಿಗೆಯ ಏಟಿಗೆ ಚಪ್ಪಡಿ ಅದುರುತ್ತದೆ, ಮೇಲಿರುವ ಮೌಸ್ ಅಲುಗುತ್ತದೆ, ಯಾರೋ ಮುಟ್ಟಿದರೆಂದು ಕಂಪ್ಯೂಟರ್ ಏಳುತ್ತದೆ. ಗಂಭೀರವಾಗಿ ಪವರ್ ಆಪ್ಷನ್ಸ್ ತೆರೆದೆ. ಹತ್ತು ನಿಮಿಷಕ್ಕೆ ಮಲಗು ಎಂದಿದ್ದ ಕಡೆ ‘ನೆವರ್’ ಆರಿಸಿದೆ. "ಇನ್ನು ಜನ್ಮದಲ್ಲಿ ಮಲಗಲ್ಲ" ಎಂದು ಘೋಷಿಸಿ, ಬೀಗುತ್ತಾ ಬಸ್ಸು ಹತ್ತಿದೆ.

ವಾರದೊಳಗೆ ಮತ್ತೆ ಕರೆ. ಹೋಗಿ ನೋಡಿದರೆ ಕಲ್ಲಿನ ಮೂಗು ಹಾಗೇ ಇದೆ; ಉಳಿ, ಸುತ್ತಿಗೆ ಮೂಲೆ ಸೇರಿವೆ.

"ಮೊದಲಿದ್ದಂಗೇ ಮಾಡ್ಬಿಡು."

"ಯಾಕೆ ಭಾವ? ಈಗ ಮಲಗ್ತಾನೇ ಇಲ್ವಲ್ಲ!"

"ಅದೇ ಕಣೋ. ಯಾವಾಗ್ಲೂ ಎದ್ದೇ ಇದ್ರೆ ಅದು ಫೋಟೋ. ಸುತ್ತಿಗೆ ಸದ್ದಿಗೆ ಎದ್ದು ಬಂದ್ರೆ ನಿಮ್ಮಕ್ಕ."

ಮತ್ತೆ ಹತ್ತು ನಿಮಿಷಕ್ಕೆ ಇಟ್ಟೆ. ಇಬ್ಬರೂ ಕಾದೆವು. ಪರದೆ ಕಪ್ಪಾಯಿತು. ಭಾವ ಉಳಿ ಹಿಡಿದರು, ಸುತ್ತಿಗೆ ಎತ್ತಿದರು, ಯಾಕೋ ಕೆಳಗಿಟ್ಟರು. ಧೂಳು ತುಂಬಿದ ತಲೆಗೂದಲನ್ನು ಬೆರಳಿನಿಂದ ಬಾಚಿಕೊಂಡು, ಆಮೇಲೆ ಮೊದಲ ಪೆಟ್ಟು ಹಾಕಿದರು.