ಎಂಜಿನ್ ಇಳಿಸುವ ಮುನ್ನ ಒಂದು ಕೂಗು

ಹೆದರಿಕೆಯನ್ನು ಮುಚ್ಚಿಟ್ಟುಕೊಳ್ಳುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ರಜೆಯಲ್ಲಿ ಕಾಫಿ ಕುಯ್ದು ಫೀಸು ಕಟ್ಟಿ ಓದಿದವನು. ಆ ಹೆಮ್ಮೆ ನನಗಿದೆ. ಆದರೆ ಓದಿದ್ದು ಇತಿಹಾಸ. ಮನೆಯವರಿಗೆ ಆ ಭೇದವಿಲ್ಲ. ಮಿಕ್ಸಿ ಕೆಟ್ಟರೂ ಪಂಪ್‌ಸೆಟ್ ಕೆಟ್ಟರೂ ‘ಓದಿದವನಿದ್ದಾನಲ್ಲ’ ಎಂದು ನನ್ನ ಮುಂದೆ ತಂದಿಡುತ್ತಾರೆ. ನಾನೂ ಒಂದು ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ, ‘ಪಾರ್ಟು ಸಿಗಲ್ಲ’ ಎಂದು ಮರ್ಯಾದೆ ಉಳಿಸಿಕೊಂಡು ಬಂದಿದ್ದೇನೆ.

ನಮ್ಮ ಹಳೆಯ ಕಾರಿನ ಎಂಜಿನ್ ಇಳಿಸುವಾಗ ಆ ಉಪಾಯ ನಡೆಯಲಿಲ್ಲ. ಮೂಡಿಗೆರೆಯ ಮೆಕ್ಯಾನಿಕ್ ಇಸ್ಮಾಯಿಲ್, “ನಾಳೆ ಚೈನ್ ತಂದು ಎಂಜಿನ್ ಎತ್ತಿಬಿಡ್ತೀನಿ ಸಾರ್. ಅಷ್ಟ್ರಲ್ಲಿ ನೀವು ಬ್ಯಾಟರಿ ವಯರ್ ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಪೆಟ್ರೋಲ್ ಇಳಿಸಿಡಿ. ಬೆಂಕಿ ಮಾತ್ರ ಹತ್ರ ಸುಳೀಬಾರ್ದು. ಗಾಡಿ ಅಡಿಗೆ ಹೋಗೋವಾಗ ಯಾರಾದ್ರೂ ಜೊತೆಗಿರ್ಲಿ,” ಎಂದ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬೆಳಿಗ್ಗೆ ಎದ್ದವನೇ ಬಚ್ಚಲ ಒಲೆ ಆರಿಸಿದೆ. ಕ್ಷಮೆ ಕೇಳಿಕೊಂಡು ದೇವರ ದೀಪವನ್ನೂ ಆರಿಸಿದೆ. ಚಕ್ರಗಳಿಗೆ ಎಂಥ ಕಲ್ಲು ಕೊಟ್ಟೆನೆಂದರೆ ಆ ಕಾರು ಭೂಕಂಪಕ್ಕೂ ಜಗ್ಗುತ್ತಿರಲಿಲ್ಲ. ಜೊತೆಗೆ ನಿಲ್ಲೆಂದು ಕರೆದರೆ ಅವ್ವ, “ಮೆಣಸು ಹರವಿದೀನಿ, ಕೋಳಿ ಕೆದಕ್ತವೆ. ಅಲ್ಲಿಗೆಲ್ಲ ಬರಕ್ಕಾಗಲ್ಲ ಮಾರಾಯ,” ಎಂದಳು. ಕೊನೆಗೆ ಒಂದು ಒಪ್ಪಂದವಾಯಿತು. ತೋಟದಲ್ಲಿ ಒಬ್ಬರಿಗೊಬ್ಬರು ಕಾಣದಿದ್ದಾಗ ‘ಕೂ’ ಎಂದು ಕೂಗುತ್ತೇವಲ್ಲ, ಹಾಗೆ ಅವಳು ಅಂಗಳದಿಂದ ಕೂಗಬೇಕು, ನಾನು ಅಡಿಯಿಂದ ಓಗೊಡಬೇಕು. ಓಗೊಡದಿದ್ದರೆ ಬಂದು ಕಾಲು ಹಿಡಿದು ಎಳೆಯಬೇಕು.

ಗಾಡಿ ಅಡಿಗೆ ನುಸುಳಿ ಪೆಟ್ರೋಲ್ ಪೈಪು ಬಿಚ್ಚಿದೆ. ಕ್ಯಾನಿಗೆ ಸಣ್ಣಗೆ ಇಳಿಯತೊಡಗಿತು. ವಾಸನೆಗೆ ತಲೆ ಸುತ್ತಿತು. ಅವ್ವ ಕೂಗಿದಳು, ನಾನು ಕೂಗಿದೆ. ಮತ್ತೆ ಕೂಗಿದಳು, ಮತ್ತೆ ಕೂಗಿದೆ. ಅಷ್ಟರಲ್ಲಿ ಯಾರೋ ಓಡಿ ಬಂದ ಸದ್ದು. ಅಡಿಯಿಂದ ಕಂಡಿದ್ದು ಎರಡು ಗಂಬೂಟು ಮಾತ್ರ. ಪಕ್ಕದ ತೋಟದ ಪುಟ್ಟೇಗೌಡರದು.

“ಎಲ್ಲಿ, ಎಲ್ಲಿ ಆನೆ? ಪಟಾಕಿ ತಂದಿದೀನಿ.”

ಆಗ ನೆನಪಾಯಿತು. ಆ ವಾರ ಆನೆ ಊರ ಸುತ್ತಲೇ ಇತ್ತು. ಕಂಡವರು ಕೂಗಬೇಕು, ಕೇಳಿದವರು ಪಟಾಕಿ ಹಚ್ಚಬೇಕು ಎಂದು ಊರವರೇ ಮಾತಾಡಿಕೊಂಡಿದ್ದೆವು. ಬೆಂಕಿಪೊಟ್ಟಣ ಅಲ್ಲಾಡಿದ ಸದ್ದು ಕೇಳಿತು. ಬೇಡ ಎನ್ನಲು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಅವ್ವ ಕೂಗಿದಳು. ಅದಕ್ಕೂ ಹೊರಡಲಿಲ್ಲ. ಮಾತಿಗೆ ತಪ್ಪದೆ ಬಂದು ಕಾಲು ಹಿಡಿದು ಎಳೆದಳು. ಗೌಡರ ಬೂಟಿನ ಬುಡದಲ್ಲಿ ಅಂಗಾತ ಬಿದ್ದು “ಬೆಂಕಿ... ಬೆಂಕಿ...” ಎಂದೆ.

“ತಡಿ, ಹಚ್ತಾ ಇದೀನಿ,” ಎಂದರು ಗೌಡರು.

ಅವ್ವ ಪೊಟ್ಟಣ ಕಿತ್ತುಕೊಂಡು ಕೋಳಿಗೆ ನೀರಿಡುವ ಬಾನಿಯೊಳಗೆ ಎಸೆದಳು. “ಆನೆ ಇಲ್ಲ ಗೌಡ್ರೇ, ಪೆಟ್ರೋಲ್ ಇದೆ.”

“ಮತ್ತೆ ಇವನ್ಯಾಕೆ ಗಾಡಿ ಅಡಿಗೆ ನುಗ್ಗಿದ್ದ?” ಎಂದು ನನ್ನನ್ನೇ ನೋಡುತ್ತ ಗೌಡರು ಹೊರಟರು. ಆನೆ ಇಲ್ಲವೆಂಬ ಅವ್ವನ ಮಾತನ್ನು ಅವರು ನಂಬಿದಂತೆ ಕಾಣಲಿಲ್ಲ.

ಮಧ್ಯಾಹ್ನ ಚೈನ್ ಇಳಿಸುತ್ತಲೇ ಇಸ್ಮಾಯಿಲ್ ಕೇಳಿದ, “ಆನೆ ಬಂದಿತ್ತಂತೆ? ಹೆದ್ರಿ ಗಾಡಿ ಅಡಿ ಮಲ್ಗಿಬಿಟ್ರಂತೆ ಸಾರ್?”

ಯೋಚಿಸಿದೆ. ಆನೆಗೆ ಹೆದರುವುದು ನಮ್ಮ ಕಡೆ ಮರ್ಯಾದಸ್ಥರ ಹೆದರಿಕೆ. ನಿಂತ ಕಾರಿಗೆ ಹೆದರುವುದು ಹಾಗಲ್ಲ.

“ಒಂಟಿಸಲಗ,” ಎಂದೆ.