ನನ್ನ ನೆಗೆಣ್ಣಿಯ ವಜ್ರದ ಶೇರು

ಈ ಸಲದ ಚಾತುರ್ಮಾಸಕ್ಕೆ ನಮ್ಮೂರಿಗೆ ಬಂದ ಜೈನ ಮುನಿ ಮಹಾರಾಜರು ಪ್ರವಚನ ಮುಗಿಸಿ, ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದು ವಸ್ತುವನ್ನು ನಾಲ್ಕು ತಿಂಗಳ ಮಟ್ಟಿಗೆ ಬಿಡಬೇಕು ಎಂದರು. ನಾನು ಎಲ್ಲರಿಗಿಂತ ಮೊದಲು ಎದ್ದು ನಿಂತು ಹಾಗಲಕಾಯಿ ಬಿಟ್ಟೆ. ಹಾಗಲಕಾಯಿಯನ್ನು ನಾನು ಹುಟ್ಟಿದಾಗಿನಿಂದ ಬಾಯಿಗೆ ಹಾಕಿದವಳಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ತ್ರಿಶಲಾ ಎದ್ದು ಚಹಾ ಬಿಟ್ಟಳು. ದಿನಕ್ಕೆ ಐದು ಸಲ ಚಹಾ ಕುಡಿಯುವ ಹೆಂಗಸು! ಇಡೀ ಮಂಟಪ ಅವಳತ್ತ ತಿರುಗಿ "ಶಾಬಾಸ್" ಎಂದಿತು. ನನ್ನ ಹಾಗಲಕಾಯಿಯನ್ನು ಯಾರೂ ಕೇಳಲಿಲ್ಲ. ಖರೆ ಹೇಳಬೇಕೆಂದರೆ ನನಗೆ ಅತ್ಯಂತ ಪ್ರಿಯವಾದದ್ದು ಹೊಟ್ಟೆಕಿಚ್ಚು. ಅದನ್ನು ನಾಲ್ಕು ತಿಂಗಳು ಬಿಟ್ಟು ನಾನು ಹೊತ್ತು ಕಳೆಯುವುದಾದರೂ ಹೇಗೆ?

ತ್ರಿಶಲಾ ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ. ದೂರದವರ ಮೇಲೆ ನನಗೆ ಎಂದೂ ಹೊಟ್ಟೆಕಿಚ್ಚು ಬಂದಿಲ್ಲ. ಮುಂಬಯಿಯ ಸಾಹುಕಾರರು ವಿಮಾನ ಕೊಂಡರೆ ಕೊಳ್ಳಲಿ, ಅವರ ವಿಮಾನ ನಮ್ಮ ಬೋರಗಾಂವದಲ್ಲಿ ಇಳಿಯುವುದಿಲ್ಲ. ಆದರೆ ಒಂದೇ ಅಡುಗೆಮನೆಯಲ್ಲಿ, ಒಂದೇ ಕೊಮ್ಮಣಿಗೆಯಲ್ಲಿ ಹಿಟ್ಟು ನಾದುವ ಹೆಂಗಸಿನ ಚಪಾತಿ ನನ್ನ ಚಪಾತಿಗಿಂತ ಉಬ್ಬಿದರೆ ನನಗೆ ಅಂದು ಊಟ ಸೇರುವುದಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಹಾಳಾದವಳು ಒಳ್ಳೆಯವಳು. ನಾನು ಸಿಡುಕಿದರೆ "ಅಕ್ಕಾಗ ಇವತ್ತ ದಣಿವ ಆಗೇತಿ" ಎಂದು ನನ್ನ ಪಾಲಿನ ಪಾತ್ರೆಯನ್ನೂ ತಿಕ್ಕಿಡುತ್ತಾಳೆ. ಅತ್ತೆಯ ಎದುರಿಗೇ ತಿಕ್ಕುತ್ತಾಳೆ ಎಂಬುದನ್ನು ಮಾತ್ರ ಗಮನಿಸಬೇಕು.

ಗಂಡಂದಿರಿಬ್ಬರೂ ಹಿತ್ತಲ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾರೆ. ಮನೆಯ ಮುಂದಿನ ಹಿಟ್ಟಿನ ಗಿರಣಿ ನನ್ನದು. ಗಿರಣಿಯ ಪಟ್ಟಾ ತಿರುಗುವಾಗ ಗುಟ್ಟು ಹೇಳಬೇಕಾದರೂ ಒದರಿಯೇ ಹೇಳಬೇಕು. ಹೀಗಾಗಿ ಆ ದಿನ ತ್ರಿಶಲಾ ಬಂದು ನನ್ನ ಕಿವಿಯಲ್ಲಿ ಹೇಳಿದ ಮಾತು ಜೋಳ ಬೀಸಲು ಬಂದಿದ್ದ ಎಲ್ಲ ಹೆಂಗಸರಿಗೂ ಕೇಳಿತು.

"ಅಕ್ಕಾ, ನಾ ಶೇರ್ ತಗೊಂಡೀನ್ರಿ. ವಜ್ರದ ಕಂಪನೀದು!"

ನಾನು ಜೋಳದ ಡಬ್ಬಿ ಕೆಳಗಿಟ್ಟೆ. "ವಜ್ರ ಮಾರ್ತಾರೇನ?"

"ಮಾರೂದಿಲ್ರಿ. ಹುಡುಕ್ತಾರ."

"ಸಿಕ್ಕೈತೇನ?"

"ಇನ್ನಾ ಇಲ್ರಿ. ಅಲ್ಲೆಲ್ಲೋ ಅಡವ್ಯಾಗ ನೆಲಾ ಕೊರ್ಯಾಕತ್ತಾರ. ಸಿಕ್ಕ ಮ್ಯಾಲ ನಮ್ಮಂಥಾವ್ರಿಗೆ ಅದು ನಿಲಕ್ತೈತೇನ್ರಿ? ಈಗಾದ್ರ ಒಂದ ಶೇರಿಗೆ ಒಂದ ಕಪ್ ಚಹಾದ ರೊಕ್ಕ. ಹೆಂಗೂ ಚಹಾ ಬಿಟ್ಟೀನಲ್ಲ, ಆ ರೊಕ್ಕಾ ಇದಕ್ಕ ಹಾಕಾಕತ್ತೀನಿ."

ನೋಡಿದಿರಾ? ಅವಳು ತ್ಯಾಗ ಮಾಡಿದರೂ ಲಾಭವೇ. ನಾನು ಬಿಟ್ಟ ಹಾಗಲಕಾಯಿಯಿಂದ ಒಂದು ಪೈಸೆ ಉಳಿದಿರಲಿಲ್ಲ.

"ಕೂಸ ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ!" ಎಂದು ನಾನು ದೊಡ್ಡ ದನಿಯಲ್ಲಿ ಹೇಳಿ ನಕ್ಕೆ. ಯಾರೂ ನಗಲಿಲ್ಲ. ಎಲ್ಲರೂ ತ್ರಿಶಲಾಳ ಮೊಬೈಲಿಗೆ ಮುತ್ತಿಕೊಂಡಿದ್ದರು. ಅಂದಿನಿಂದ ನನ್ನ ಗಿರಣಿ ಶೇರು ಪೇಟೆಯಾಯಿತು. ಮಧ್ಯಾಹ್ನವಾದರೆ ಸಾಕು, ಬೀಸಲು ಎರಡು ಸೇರು ಜೋಳ, ಮಾತಾಡಲು ಎರಡು ತಾಸು. ನಾಲ್ಕು ಎಕರೆ ಹೊಲದ ಶಾಂತವ್ವ ಕಂಪನಿಯ ಭವಿಷ್ಯವನ್ನು ಬೋರಿನ ಲೆಕ್ಕದಲ್ಲಿ ತೂಗಿದಳು.

"ನಾವು ಹೊಲದಾಗ ಮೂರ ಬೋರ್ ಹೊಡಿಸಿದ್ವಿ, ಬರೇ ಧೂಳಾ ಬಂತು. ನಾಕನೇದಕ್ಕ ಹತ್ತಿತ ನೋಡ ನೀರ! ತ್ರಿಶಲಾ, ಇವರು ಎಷ್ಟ ಕಡೆ ಕೊರದಾರವಾ?"

"ಏಳ ಕಡೆ ಅಂತರಿ."

"ಏಳೂ ಖಾಲಿ?"

"ಹೂಂರಿ."

"ಹಂಗಾದ್ರ ಎಂಟನೇದಕ್ಕ ಬಿಡೂದಿಲ್ಲ ಬಿಡ!"

ಬೀಡಿ ಕಟ್ಟುವ ಮಂಗಲಾತಾಯಿಯ ಚಿಂತೆ ಬೇರೆ. ಅವಳ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. "ಅಗಂ ಬಾಯಿ, ಹಿರಾ ಅಂದ್ರ ವಜ್ರ, ಎಲ್ಲಾರಿಗೂ ಆಗಿ ಬರೂದಿಲ್ಲ! ತಲಿದಿಂಬಿನ ಕೆಳಗ ಇಟಗೊಂಡ ಮಲಗಿ, ಕನಸ ಎಂಥಾದ ಬೀಳ್ತೈತಿ ನೋಡಬೇಕ."

"ಶೇರ್ ಹೆಂಗ ದಿಂಬಿನ ಕೆಳಗ ಇಡೂದ ತಾಯಿ?" ಎಂದಳು ಶಾಂತವ್ವ.

"ಮೊಬೈಲ್ ಇಡ್ರಿ!"

ಮರುದಿನ ತ್ರಿಶಲಾ ತನಗೆ ಒಳ್ಳೆಯ ಕನಸು ಬಿತ್ತೆಂದು ವರದಿ ಕೊಟ್ಟಳು. ಅದೇ ವಾರ ಶೇರು ಏರಿತು. ಒಂದು ಕಪ್ ಚಹಾದ ಶೇರು ಎರಡು ಕಪ್ ಆಯಿತು, ಆಮೇಲೆ ಒಂದು ಪ್ಲೇಟ್ ಭಜಿ ಆಯಿತು. ದಿನಾ ಮೂರೂವರೆಗೆ ಪೇಟೆ ಮುಚ್ಚುವ ಹೊತ್ತಿಗೆ ನಮ್ಮ ಅತ್ತೆ ಪಡಸಾಲೆಯಿಂದ, "ತ್ರಿಶಲಾ, ಇವತ್ತ ನಿನ್ನ ವಜ್ರ ಏಟಾತವಾ?" ಎಂದು ಕೇಳುವುದು ರೂಢಿಯಾಯಿತು. ಎಮ್ಮೆ ಎಷ್ಟು ಹಾಲು ಕೊಟ್ಟಿತು ಎಂದು ಕೇಳುವ ದನಿಯಲ್ಲಿ ಕೇಳುತ್ತಿದ್ದರು. ಹದಿನೆಂಟು ವರ್ಷದಿಂದ ಗಿರಣಿ ನಡೆಸುತ್ತಿದ್ದೇನೆ. ಒಂದು ದಿನವಾದರೂ "ಸುನಂದಾ, ಇವತ್ತ ಎಷ್ಟ ಹಿಟ್ಟ ಬೀಸಿದಿ?" ಎಂದು ಕೇಳಿದವರಲ್ಲ.

ಈ ವಿಷಯಕ್ಕೆ ಒಂದು ಕೊನೆ ಕಾಣಿಸಲೇಬೇಕು ಎಂದು ನಾನು ಮಲ್ಲಪ್ಪನನ್ನು ಕರೆಸಿದೆ. ಮಲ್ಲಪ್ಪ ಪಾಲಬಾವಿಯ ಕಡೆಯವನು, ನೀರು ನೋಡುವವನು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದಲ್ಲಿ ನಡೆದರೆ, ನೀರಿದ್ದಲ್ಲಿ ಕಾಯಿ ತಾನೇ ಎದ್ದು ನಿಲ್ಲುತ್ತದೆ. ನಮ್ಮ ಭಾಗದಲ್ಲಿ ಭೂವಿಜ್ಞಾನಿಯ ಮಾತು ಮೀರಿದವರುಂಟು, ಮಲ್ಲಪ್ಪನ ಕಾಯಿಯ ಮಾತು ಮೀರಿದವರಿಲ್ಲ. ಕಂಪನಿಯವರು ಮೊಬೈಲಿನಲ್ಲಿ ಹಾಕಿದ್ದ ಜಮೀನಿನ ನಕಾಶೆಯನ್ನು ನಿಪ್ಪಾಣಿಯಲ್ಲಿ ಹಾಸಿಗೆಯಷ್ಟು ದೊಡ್ಡದಾಗಿ ಛಾಪಿಸಿ ತರಿಸಿದೆ. ಆ ಖರ್ಚು ನನ್ನದೇ. ಹೊಟ್ಟೆಕಿಚ್ಚಿಗೆ ಖರ್ಚು ಮಾಡುವಾಗ ನಾನು ಕೈ ಬಿಗಿ ಹಿಡಿಯುವವಳಲ್ಲ. ಹೆಂಗಸರು ಸೇರುವ ಮುನ್ನ ಮಲ್ಲಪ್ಪನನ್ನು ಪಕ್ಕಕ್ಕೆ ಕರೆದು, ಒಂದು ಚೀಲ ಗೋದಿ ಬಿಟ್ಟಿ ಬೀಸಿ ಕೊಡುತ್ತೇನೆ, ಕಾಯಿ ಏಳದಂತೆ ನೋಡಿಕೋ ಎಂದೂ ಹೇಳಿದೆ.

ಗಿರಣಿಯ ನೆಲದ ಮೇಲೆ ನಕಾಶೆ ಹಾಸಿದೆವು. ಮಲ್ಲಪ್ಪ ಚಪ್ಪಲಿ ಬಿಟ್ಟು, ಕೈ ಮುಗಿದು, ಕಾಗದದ ಅಡವಿಯಲ್ಲಿ ಬರಿಗಾಲಲ್ಲಿ ನಡೆದ. ಪೂರ್ವದ ಮೂಲೆ ದಾಟಿದ, ನಡುವೆ ನಿಂತ, ಏನೂ ಆಗಲಿಲ್ಲ. ನನಗೆ ಉಸಿರು ಬಂತು. ಎಡಗಡೆಯ ಮೂಲೆಗೆ ಕಾಲಿಟ್ಟನೋ ಇಲ್ಲವೋ, ಕಾಯಿ ಟಣ್ಣನೆ ಎದ್ದು ನಿಂತಿತು! ಹೆಂಗಸರೆಲ್ಲ "ಯವ್ವಾ!" ಎಂದು ಚೀರಿದರು. ಮಲ್ಲಪ್ಪ ನನ್ನ ಕಡೆ ನೋಡಿ ಅಪರಾಧಿಯ ಹಾಗೆ, "ಅಕ್ಕಾರ, ಕಾಯಿ ನನ್ನ ಮಾತ ಕೇಳೂದಿಲ್ರಿ, ಏನ ಮಾಡ್ಲಿ" ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಇಲ್ಲಿ ಐತ್ರಿ. ಆದ್ರ ನೀರ ಐತೋ ವಜ್ರ ಐತೋ, ಅದನ್ನ ಕಾಯಿ ಹೇಳೂದಿಲ್ಲ" ಎಂದೂ ಸೇರಿಸಿದ. ಎರಡನೆಯ ಮಾತನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ.

ಆ ಸಂಜೆಯೇ ಶಾಂತವ್ವ, ಮಂಗಲಾತಾಯಿ, ಇನ್ನೂ ನಾಲ್ಕೈದು ಮಂದಿ ತ್ರಿಶಲಾಳನ್ನು ಕೂಡಿಸಿಕೊಂಡು ಶೇರು ಕೊಂಡರು. "ನೀವೂ ತಗೋರಿ ಅಕ್ಕಾ, ನಾ ಮಾಡಿ ಕೊಡ್ತೀನಿ" ಎಂದು ತ್ರಿಶಲಾ ಕೈ ಹಿಡಿದು ಕೇಳಿದಳು. ನಾನು ಕೈ ಕೊಡವಿಕೊಂಡು, "ನನ್ನ ಗಿರಣೀದ ಒಂದ ಪೈಸಾನೂ ಇದಕ್ಕ ಬೀಳೂದಿಲ್ಲ. ನಾಳೆ ಅಳಕೋತ ನನ್ನ ಮುಂದ ಬರಬ್ಯಾಡ್ರಿ" ಎಂದು ಘೋಷಿಸಿದೆ. ಇದು ಜಾಣತನದ ಮಾತಾಗಿರಲಿಲ್ಲ. ಅವಳ ಕೈಯಿಂದ ನಾನು ಶ್ರೀಮಂತಳಾಗಬೇಕೇ ಎಂಬ ಸಿಟ್ಟಿನ ಮಾತು ಅದು.

ಆಮೇಲೆ ಎರಡು ವಾರ ನಾನು ಅನುಭವಿಸಿದ್ದು ವೈರಿಗೂ ಬೇಡ. ಭಜಿಯ ಶೇರು ಒಂದು ಪ್ಲೇಟ್ ಮಿಸಳದ ಬೆಲೆಗೆ ಏರಿತು. ಮಂಗಲಾತಾಯಿ ಬೀಡಿ ಕಟ್ಟುವಾಗ ಹಾಡತೊಡಗಿದಳು. ಮೊದಲು ಹಿಟ್ಟು ದಪ್ಪವಾಯಿತೆಂದು ಜಗಳಾಡುತ್ತಿದ್ದ ಶಾಂತವ್ವ "ಇರಲಿ ಬಿಡ, ಪಾಪ" ಎಂದು ನನ್ನನ್ನು ಕನಿಕರದಿಂದ ನೋಡತೊಡಗಿದಳು. ಆ "ಪಾಪ" ನನ್ನ ಎದೆಗೆ ನಾಟಿತು. ಹಿಟ್ಟು ದಪ್ಪವಾಗುತ್ತಿದ್ದುದು ನಿಜ, ಗಿರಣಿಯ ಕಲ್ಲು ಸವೆದಿತ್ತು. ಹೊಸ ಕಲ್ಲು ಹಾಕಿಸಲೆಂದು ಎರಡು ವರ್ಷದಿಂದ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು. ಕಲ್ಲು ಹಾಕಿಸದಿದ್ದರೆ ಗಿರಾಕಿಗಳು ಕೆಳಗಿನ ಓಣಿಯ ಗಿರಣಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ನಮ್ಮವರು ಇಚಲಕರಂಜಿಗೆ ನೂಲು ತರಲು ಹೋದಾಗ ಗಿರಣಿಯ ಬಾಗಿಲು ಮುಂದೆ ಮಾಡಿ, ಶೇರಿನ ಖಾತೆ ತೆರೆಯಲು ಮೊಬೈಲ್ ಹಿಡಿದು ಕೂತೆ. ಅದು ಮುಖ ತೋರಿಸು ಎಂದಿತು, ತೋರಿಸಿದೆ. ಆಧಾರ ಕಾರ್ಡಿನ ಮುಖಕ್ಕೂ ನಿನಗೂ ಹೊಂದುವುದಿಲ್ಲ ಎಂದಿತು. ಕನ್ನಡಿ ನೋಡಿಕೊಂಡರೆ ಹುಬ್ಬು, ಕೂದಲು, ರೆಪ್ಪೆಯೆಲ್ಲ ಹಿಟ್ಟು ಕೂತು ಬೆಳ್ಳಗೆ, ನಮ್ಮ ಅತ್ತೆಗಿಂತ ಮುದುಕಿಯಾಗಿದ್ದೆ. ಮುಖ ತೊಳೆದು ಬಂದೆ. ಕಣ್ಣು ಮಿಟುಕಿಸು ಎಂದಿತು. ಹದಿನೆಂಟು ವರ್ಷದಲ್ಲಿ ಗಂಡನಿಗೂ ಮಿಟುಕಿಸದ ಕಣ್ಣನ್ನು ಅದಕ್ಕೆ ಮಿಟುಕಿಸಿದೆ. ಎರಡೇ ದಿನದಲ್ಲಿ ಗಿರಣಿಯ ಕಲ್ಲಿನ ಅಷ್ಟೂ ದುಡ್ಡು ವಜ್ರದ ಕಂಪನಿಗೆ ಹೋಯಿತು. ತ್ರಿಶಲಾ ಚಹಾದ ಬೆಲೆಗೆ ಕೊಂಡಿದ್ದಳು, ನಾನು ಮಿಸಳದ ಬೆಲೆಗೆ ಕೊಂಡೆ. ಆದರೆ ಅವಳಿಗಿಂತ ಮೂರು ಪಟ್ಟು ಕೊಂಡೆ ಎಂಬ ಸಮಾಧಾನ ಇತ್ತು.

ಅದಾಗಿ ಎಂಟು ದಿನಕ್ಕೆ ಕಂಪನಿಯ ಪ್ರಕಟಣೆ ಬಂತು. ತ್ರಿಶಲಾ ಗಿರಣಿಯಲ್ಲಿ ನಿಂತು ಓದಿ ಅರ್ಥ ಹೇಳಿದಳು. ಎಂಟನೆಯ ಕಡೆ ಕೊರೆದಾಗ ಅಂದಾಜು ಮೀರಿ ನೀರು ಉಕ್ಕಿದ್ದರಿಂದ ಕೆಲಸ ನಿಲ್ಲಿಸಲಾಗಿದೆ, ಈತನಕ ತೆಗೆದ ಮಣ್ಣಿನಲ್ಲಿ ವಜ್ರದ ಕುರುಹು ಇಲ್ಲ. ನಕಾಶೆ ತೆಗೆದು ನೋಡಿದರೆ ಅದೇ ಎಡಗಡೆಯ ಮೂಲೆ! ಮಲ್ಲಪ್ಪನಿಗೆ ಈಗ ಅಥಣಿ, ಕಾಗವಾಡದಿಂದಲೂ ಕರೆ ಬರುತ್ತಿದೆ. ಶೇರು ಮಾತ್ರ ಮಿಸಳದಿಂದ ಭಜಿಗೆ, ಭಜಿಯಿಂದ ಚಹಾಕ್ಕೆ ಇಳಿದು, ಕೊನೆಗೆ ಒಂದು ಪೆಪ್ಪರಮಿಂಟಿಗೂ ಸಾಲದಾಯಿತು. ಆ ಬೆಲೆಗೂ ಕೊಳ್ಳುವವರಿಲ್ಲ.

ತ್ರಿಶಲಾ ಪಡಸಾಲೆಯಲ್ಲಿ ಕೂತು ಗೊಳೋ ಎಂದು ಅತ್ತಳು. ತನ್ನ ದುಡ್ಡಿಗಲ್ಲ, ತನ್ನನ್ನು ನಂಬಿದ ಹೆಂಗಸರ ದುಡ್ಡು ಹೋಯಿತಲ್ಲ ಎಂದು ಅತ್ತಳು. ಅಳುವುದರಲ್ಲೂ ಅವಳು ನನಗಿಂತ ಒಂದು ಕೈ ಮೇಲೆ. ದುಡ್ಡು ಕಳೆದುಕೊಂಡ ಆ ಹೆಂಗಸರೇ ಸುತ್ತ ಕೂತು ಅವಳ ಬೆನ್ನು ಸವರಿ, "ನಿಂದೇನ ತಪ್ಪವಾ, ನಮ್ಮ ನಶೀಬ" ಎಂದು ಅವಳನ್ನೇ ಸಂತೈಸಿದರು. ನಾನು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದೆ. ದೇವರಾಣೆ, ಅವಳ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು. ಹಾಗೆ ನಾಲ್ಕು ಜನರ ನಡುವೆ ಬಾಯಿಬಿಟ್ಟು ಅಳುವ ಭಾಗ್ಯ ನನಗೆಲ್ಲಿತ್ತು?

ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಅವರ ಮೂಗಿನಲ್ಲಿ ಒಂದು ವಜ್ರದ ಮೂಗುಬೊಟ್ಟು ಇದೆ. ಅದು ಅವರಿಗೆ ಅವರ ಅತ್ತೆಯಿಂದ, ಹಿರಿಯ ಸೊಸೆ ಎಂದು ಬಂದದ್ದು. ಮಾತಾಡುವಾಗ ಎಲ್ಲರೂ ಅವರ ಕಣ್ಣು ನೋಡಿದರೆ ನಾನು ಮದುವೆಯಾಗಿ ಬಂದಾಗಿನಿಂದ ಮೂಗು ನೋಡುತ್ತಾ ಬಂದವಳು. ಅತ್ತೆ ತಿರುಪು ಬಿಚ್ಚಿ ಅದನ್ನು ತೆಗೆದು ತ್ರಿಶಲಾಳ ಅಂಗೈಯಲ್ಲಿಟ್ಟರು.

"ಅಳಬ್ಯಾಡ ಮಗಳ. ವಜ್ರದ ಆಸೇಕ ರೊಕ್ಕಾ ಹೋತು, ವಜ್ರಾದ್ರೂ ಬರಲಿ. ತಗೋ, ಹಾಕ್ಕೋ."

"ಅತ್ತೀ, ಇದು ಅಕ್ಕಾಗ ಸಲ್ಲಬೇಕಾದ್ದರಿ," ಎಂದು ತ್ರಿಶಲಾ ಬಿಕ್ಕಿದಳು.

"ಸುನಂದಾಗ ಏನ ಕಡಿಮಿ ಆಗೇತಿ? ಅಕಿ ಶಾಣ್ಯಾಕಿ. ಊರೆಲ್ಲಾ ಮುಳಗಿದ್ರೂ ಅಕಿ ಒಂದ ಪೈಸಾ ಕಳಕೊಂಡಿಲ್ಲ."

"ತಲಿ ಅಂದ್ರ ಸುನಂದಕ್ಕಂದ ನೋಡ್ರಿ!" ಎಂದಳು ಶಾಂತವ್ವ. "ಆವತ್ತ ನಮಗೆಲ್ಲಾ ಬಡಕೊಂಡ ಬಡಕೊಂಡ ಹೇಳಿದ್ಲು. ನಾವ ಕೇಳಲಿಲ್ಲ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅತ್ತೀ, ನಂದೂ ಹೋಗೇತಿ, ಅಕಿಗಿಂತ ಮೂರಪಟ್ಟ ಹೋಗೇತಿ, ಗಿರಣೀ ಕಲ್ಲ ಹೋಗೇತಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಬಿಸಿ ತುಪ್ಪ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತು ಕಣ್ಣೀರು ಹಾಕಿದೆ. ಬೇರೆ ಮನೆಯ ಹೆಂಗಸರಿಗೆ ಈ ವಿಷಯದಲ್ಲಿ ಎಷ್ಟೋ ಸೌಕರ್ಯ, ಈರುಳ್ಳಿ ಹೆಚ್ಚುತ್ತಿದ್ದೆ ಎನ್ನಬಹುದು. ಚಾತುರ್ಮಾಸದಲ್ಲಿ ನಮ್ಮ ಮನೆಯ ಹೊಸ್ತಿಲೊಳಗೆ ಉಳ್ಳಾಗಡ್ಡಿ ಬರುವುದಿಲ್ಲ, ಕಣ್ಣೀರಿಗೆ ಹೇಳಲು ಒಂದು ನೆಪವೂ ಇಲ್ಲ.

ಹಿಂದೆಯೇ ಬಂದ ಅತ್ತೆ ನನ್ನ ಮುಖ ತಿರುಗಿಸಿ ನೋಡಿದರು. "ಯಾಕವಾ ಸುನಂದಾ, ಕಣ್ಣಾಗ ನೀರ?"

"ಏನಿಲ್ರಿ ಅತ್ತಿ," ಎಂದೆ. "ತ್ರಿಶಲಾ ಅಳೂದ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ."

ಅತ್ತೆಯ ಕಣ್ಣೂ ತುಂಬಿ ಬಂತು. ನನ್ನ ಕೈ ಹಿಡಿದು ಪಡಸಾಲೆಗೆ ಕರೆತಂದು, ಎಲ್ಲ ಹೆಂಗಸರ ಎದುರಿಗೆ ನಿಲ್ಲಿಸಿ, "ನೋಡ್ರಿ, ನೆಗೆಣ್ಣಿ ಅಂದ್ರ ಹಿಂಗಿರಬೇಕ. ಹಿರೇ ಸೊಸಿಗೆ ಸಲ್ಲೂ ಸಾಮಾನ ಕಿರೇ ಸೊಸಿಗೆ ಕೊಟ್ಟೀನಿ, ಅಕೀ ಸಲುವಾಗೇ ಅಳಾಕತ್ತಾಳ. ಇಂಥಾ ಹೊಟ್ಟಿಕಿಚ್ಚ ಇಲ್ಲದ ಹೆಣ್ಣಮಗಳನ್ನ ನಾ ಎಲ್ಲೂ ನೋಡಿಲ್ಲ" ಎಂದರು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆ ತಗ್ಗಿಸಿ, ಹೌದೆಂದು ಒಪ್ಪಿಕೊಂಡೆ.