ದೃಷ್ಟಿದೋಷ ನಿವಾರಣೆ

ಎಂಟು ದಿನದಿಂದ ನನಗೆ ಒಂದೇ ಚಿಂತೆ. ನಮ್ಮ ಮಗಳು ಧನುಶ್ರೀ ಕಣ್ಣು ಮಿಟುಕಿಸುತ್ತಾಳೆ. ಎಲ್ಲರೂ ಮಿಟುಕಿಸುತ್ತಾರಲ್ಲ ಎನ್ನಬೇಡಿ. ಇವಳು ಪಟಪಟನೆ ನಾಲ್ಕು ಸಲ ಮಿಟುಕಿಸಿ, ಅಂಗೈಯಿಂದ ಉಜ್ಜಿ, ಹಣೆ ಒತ್ತಿಕೊಳ್ಳುತ್ತಾಳೆ. ವಯಸ್ಸು ಆರು! ಮೊಬೈಲಿನಲ್ಲಿ ಕಾರ್ಟೂನ್ ನೋಡಿ ನೋಡಿ ಮಗುವಿನ ಕಣ್ಣು ಸೋತಿದೆ ಎಂದು ತೀರ್ಮಾನಿಸಿದೆ. (ತೀರ್ಮಾನಿಸುವುದಕ್ಕೆ ಮೂರು ದಿನ ಮೊಬೈಲಿನಲ್ಲೇ ಓದಿದೆ. ಅದೂ ಎಂಟು ಗಂಟೆಯ ಲ್ಯಾಪ್‌ಟಾಪ್ ಕೆಲಸ ಮುಗಿಸಿಕೊಂಡು.)

ಓದಿದ್ದನ್ನು ಕೂಡಲೇ ಶಾಸನ ಮಾಡಿ ಜಾರಿಗೆ ತಂದೆ. ಕಾರ್ಟೂನ್ ಅರ್ಧ ಗಂಟೆ ಮಾತ್ರ. ಮೊಬೈಲು ಒಂದು ಮೊಳ ದೂರ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆಗೆ, ಇಪ್ಪತ್ತು ಸೆಕೆಂಡು ನೋಡಬೇಕು. ಬೂದಿಗೆರೆಯ ನಮ್ಮ ಬಾಗಿಲಿನಿಂದ ಸರಿಯಾಗಿ ಇಪ್ಪತ್ತು ಅಡಿಗೆ ಇರುವುದು ಎದುರುಮನೆ ಮಮತ ಅವರ ಅಡುಗೆಮನೆ ಕಿಟಕಿ. ಎರಡೇ ದಿನಕ್ಕೆ ಅವರು ಪರದೆ ಹಾಕಿಸಿಬಿಟ್ಟರು.

ಮಿಟುಕು ಮಾತ್ರ ನಿಲ್ಲಲಿಲ್ಲ. ಶನಿವಾರ ಮಧ್ಯಾಹ್ನ ಸಾಕಾಗಿ ಅತ್ತೆ ಮುತ್ಯಾಲಮ್ಮನವರ ಹತ್ತಿರ ಹೇಳಿಕೊಂಡೆ.

"ಧನು ದೃಷ್ಟಿಗೆ ಏನೋ ಆಗಿದೆ ಅತ್ತೆ."

"ನಾನ್ ಆಗ್ಲೇ ಅಂದ್ಕೊಂಡೆ ಕಣಮ್ಮಾ! ಎದುರ್ಮನೆಯೋಳು ಪರದೆ ಸಂದೀಲಿ ನೋಡ್ತಾನೇ ಇರ್ತಾಳೆ. ದೃಷ್ಟಿ ಆಗ್ದೆ ಇನ್ನೇನಾಗುತ್ತೆ?"

"ಅಯ್ಯೋ, ಆ ದೃಷ್ಟಿ ಅಲ್ಲ ಅತ್ತೆ. ಸೈಟು, ಸೈಟು!"

"ಸೈಟ್ ಮಾತು ನಿನ್ ಗಂಡನ್ ಜೊತೆ ಆಡ್ಕೋ. ಮೊದ್ಲು ಮಗು ನೋಡು!"

(ನಮ್ಮ ಕಡೆ ಈಗ ಸೈಟು ಎಂದರೆ ಮೂವತ್ತು-ನಲವತ್ತು ಅಡಿ ಜಾಗ. ಕಣ್ಣು ಯಾರಿಗೂ ನೆನಪಾಗುವುದಿಲ್ಲ.)

ನಾನು ಇನ್ನೊಮ್ಮೆ ಬಾಯಿ ತೆರೆಯುವುದರೊಳಗೆ ಉಪ್ಪು, ಒಣಮೆಣಸಿನಕಾಯಿ ಮಗುವಿಗೆ ಮೂರು ಸುತ್ತು ಸುತ್ತಿ ನೀರೊಲೆಯ ಕೆಂಡಕ್ಕೆ ಬಿದ್ದಾಗಿತ್ತು. ಮನೆ ತುಂಬ ಘಾಟು. ಮೂವರೂ ಕೆಮ್ಮಿದ್ದೇ ಕೆಮ್ಮಿದ್ದು.

"ಇಷ್ಟು ಘಾಟು ಬಂತಲ್ಲ, ಮಗೂಗೆ ಯಾವ ದೃಷ್ಟೀನೂ ಆಗಿಲ್ಲ" ಎಂದು ಅತ್ತೆ ತೀರ್ಪು ಕೊಟ್ಟರು. "ಹಂಗಿದ್ರೆ ಕಣ್ಣು ಯಾಕೆ ಹಂಗ್ ಮಾಡ್ತೀಯಾ ಪುಟ್ಟಿ?"

"ನಾನು ಆಫೀಸಾಟ ಆಡ್ತಿರೋದು ಅಜ್ಜಿ. ಅಮ್ಮ ಲ್ಯಾಪ್‌ಟಾಪ್ ಮುಂದೆ ಹಿಂಗೇ ಮಾಡೋದು. ಆಮೇಲೆ ತಲೆನೋವಿನ ಮಾತ್ರೆ ನುಂಗ್ಬೇಕು. ಅದೊಂದು ನಂಗ್ ಕೊಡಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ಅವರಿಬ್ಬರ ಕಣ್ಣು ಐದು ನಿಮಿಷದಲ್ಲಿ ತಿಳಿಯಾಗಿತ್ತು. ನನ್ನದು ಹಾಗೇ ಕೆಂಪು. ಘಾಟಿಗೆ ಮುಂಚೆಯೂ ಹಾಗೇ ಇತ್ತಂತೆ, ತಿಂಗಳಿಂದಲೂ ಇತ್ತಂತೆ.

"ಓದಿದೋಳು ನೀನು. ಮಗು ಕಣ್ಣಲ್ಲಿ ಹುಡುಕ್ತಿದ್ದೀಯಲ್ಲಾ!" ಎಂದರು.

ಮಸುಕು ಮಸುಕಾಗಿ ಕಾಣುವ ಅಂಕಿಗಳನ್ನು ಒಂದೊಂದಾಗಿ ಒತ್ತಿ, ದೇವನಹಳ್ಳಿಯ ಕಣ್ಣಿನ ಕ್ಲಿನಿಕ್ಕಿಗೆ ಕೊನೆಗೂ ಫೋನ್ ಮಾಡಿದೆ. ಎಂಟು ದಿನದ ಅಭ್ಯಾಸಬಲದಿಂದ "ಮಗು ಕಣ್ಣು ತೋರಿಸ್ಬೇಕಿತ್ತು" ಎಂದುಬಿಟ್ಟೆ.

"ಮಗೂಗೆ ಎಷ್ಟು ವಯಸ್ಸು ಮೇಡಂ?"

ಅತ್ತೆ ಪಕ್ಕದಲ್ಲೇ ನಿಂತಿದ್ದರು.

"ಮೂವತ್ತೊಂದು" ಎಂದೆ.

ಆ ಕಡೆಯವರು ಅದನ್ನೂ ಬರೆದುಕೊಂಡರು.

"ಜೊತೇಲಿ ದೊಡ್ಡೋರು ಯಾರಾದ್ರೂ ಬರ್ತಾರಾ ಮೇಡಂ?"

"ನಮ್ಮತ್ತೆ ಬರ್ತಾರೆ."